ಹಗೇವಿನ ಮೇಲೆ ಓಕ್ ಹಾಸು

ಸಿಟ್ಟು ಬಂದಾಗ ಶಿವನಾಮ ನೆನೆಯಬೇಕು, ಅಷ್ಟು ಹೊತ್ತಾದರೂ ನಾಲಿಗೆ ಒಳ್ಳೆಯ ಕೆಲಸದಲ್ಲಿರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹುಮನಾಬಾದಿನ ಖಮರುದ್ದೀನನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತ ಲಲಿತಾಬಾಯಿ ಆ ಮಾತು ನಂಬಿ ಶಿವ ಶಿವ ಅಂದಳು. ಶಿವ ಬಂದನೋ ಇಲ್ಲವೋ ಗೊತ್ತಿಲ್ಲ, ಸಿಟ್ಟಂತೂ ಹೋಗಲಿಲ್ಲ.

ಎದುರಿಗೆ ಎರಡು ಸುರುಳಿ ಬಿಚ್ಚಿ ಹಾಸಿದ್ದರು. ನೆಲಕ್ಕೆ ಅಂಟಿಸುವ ಪ್ಲಾಸ್ಟಿಕ್ ಹಾಸು. ಒಂದಕ್ಕೆ ತಿಳಿ ಜೇನಿನ ಬಣ್ಣ, ಇನ್ನೊಂದಕ್ಕೆ ಹೊತ್ತಿದ ಬೆಲ್ಲದ ಬಣ್ಣ. ಎರಡರ ಮೇಲೂ ಮರದ ಗೆರೆ, ಮರದ ಗಂಟು, ಹಲಗೆಗೆ ಹಲಗೆ ಜೋಡಿಸಿದಂತೆ ಸಂದು. ಕೈ ಇಟ್ಟರೆ ಮಾತ್ರ ಮಳೆಗಾಲದ ಕಪ್ಪೆಯ ಬೆನ್ನಿನ ಹಾಗೆ ತಣ್ಣಗೆ.

"ಓಕ್ ಅಂತಾರ ಬಾಯಿ ಇದಕ್ಕ. ವಿಲಾಯತಿ ಗಿಡ. ಸಾಹೇಬ ಮಂದಿ ಬಂಗ್ಲಾದಾಗ ಇದೇ ಇರ್ತದ. ಲಗ್ಝುರಿ ಮಾಲ್!" ಎಂದ ಖಮರುದ್ದೀನ್.

"ಗಿಡ ಅಂದ್ರಿ. ಹಣ್ಣು ಬಿಡ್ತದೇನು?"

"ಹಣ್ಣ್ಯಾಕ ಬಾಯಿ, ನೆಲಕ್ಕ ಹಾಸೂದು."

"ನೆಳ್ಳರ ಕೊಡ್ತದೋ?"

ಖಮರುದ್ದೀನ್ ನಕ್ಕುಬಿಟ್ಟ. "ತಾಯಿ, ನಿಮ್ಮ ಮುಂದ ಸುಳ್ಳು ಯಾಕ ಹೇಳ್ಲಿ? ಇದು ಪ್ಲಾಸ್ಟಿಕ್. ಗಿಡದ್ದು ಬರೇ ಫೋಟೋ ಅದ."

"ಕೇಳಿದ್ರ್ಯಾ?" ಎಂದು ಆಕೆ ಗಂಡನ ಕಡೆ ತಿರುಗಿದಳು. "ಫೋಟೋದ ಮ್ಯಾಲ ಸಂಸಾರ ಮಾಡಬೇಕಂತ."

ವೈಜನಾಥ ಸಾಹುಕಾರ ಮೀಸೆಯ ತುದಿ ತಿರುವಿದ. ಮೋರಖಂಡಿಯ ಕರಿ ಹೊಲದ ಒಡೆಯ, ಬಸವಕಲ್ಯಾಣದ ಕೋಟೆ ಹತ್ತಿರದ ದೊಡ್ಡ ಮನೆಯ ಯಜಮಾನ. ಹುಮನಾಬಾದಿನಲ್ಲಿರುವ ತಮ್ಮನ ಮನೆಯಲ್ಲಿ ಇಂಥದೇ ಹಾಸು ಕಂಡಂದಿನಿಂದ ಅವನಿಗೆ ತನ್ನ ಮನೆಯ ಮಣ್ಣಿನ ಪಡಸಾಲೆ ಕಣ್ಣಿಗೆ ಚುಚ್ಚುತ್ತಿತ್ತು. "ಆರಿಸು ಅಂದ್ರ ಆರಿಸಬೇಕು, ಪಂಚಾಯ್ತಿ ಮಾಡಬಾರ್ದು. ತಿಳೀದೋ, ಕರೀದೋ? ನಿನಗ ಬಿಟ್ಟೀನಿ."

ನಿನಗ ಬಿಟ್ಟೀನಿ. ಆಕೆಯ ಎದೆಗೆ ಕೊಳ್ಳಿ ಇಟ್ಟದ್ದು ಆ ಮಾತೇ.

ಬೆಳಿಗ್ಗೆ ಬಸ್ಸು ಹತ್ತುವಾಗ ಆಕೆ ಖುಷಿಯಲ್ಲಿದ್ದಳು. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಯಾವ ವಸ್ತುವನ್ನೂ ಆರಿಸು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಬಸ್ಸು ಸಸ್ತಾಪುರ ಬಂಗ್ಲಾದ ಸ್ಟಾಪು ದಾಟಿದ ಮೇಲೆ ಗಂಡ ಕಿಟಕಿಯ ಹೊರಗೆ ನೋಡುತ್ತಲೇ, ಎತ್ತಿಗೆ ನೀರು ಕುಡಿಸಿದೆಯಾ ಎಂದು ಕೇಳುವ ದನಿಯಲ್ಲಿ ಹೇಳಿದ್ದ: "ಹಾಸು ಹಾಕಿದ ಮ್ಯಾಲ ಹಗೇವು ಇರೂದಿಲ್ಲ. ಕಾಳು ಕೊಳ್ಳೂ ಅಡತಿಯವರ ಲಾರಿ ಬಂದಾಗ ಒಮ್ಮೆ ತಗದು ಜ್ವಾಳಾ ಕಳಿಸಿ, ಮಣ್ಣ ತುಂಬಿಬಿಡೂದು."

ಹಗೇವು ಅಂದರೆ ನೆಲದೊಳಗಿನ ಕಣಜ. ಪಡಸಾಲೆಯ ನಡುವೆ ಒಬ್ಬಾಳು ಇಳಿಯುವಷ್ಟು ಬಾಯಿ, ಮೇಲೆ ಕಲ್ಲಿನ ಮುಚ್ಚಳ, ಕೆಳಗೆ ಗುಡಿಯ ಗರ್ಭದಂಥ ಕತ್ತಲೆ. ಸುಗ್ಗಿಯಲ್ಲಿ ಜೋಳ ತುಂಬಿ, ಕಲ್ಲಿನ ಅಂಚಿಗೆ ಸೆಗಣಿ ಮಣ್ಣು ಮೆತ್ತಿದರೆ, ಮಣ್ಣೆತ್ತಿನ ಅಮಾವಾಸ್ಯೆಯ ಮಾರನೆಯ ದಿನವೇ ಅದು ತೆರೆಯುವುದು. ಆ ಹೊತ್ತಿಗೆ ಆಳುಗಳ ಮನೆಯ ಗಡಿಗೆಗಳು ಬರಿದಾಗಿರುತ್ತವೆ. ತೆರೆದ ಮೊದಲ ಕಾಳು ಸುಗ್ಗಿಯಲ್ಲಿ ದುಡಿದವರ ಆಯ, ಅವರ ಪಾಲು. ಅಳೆದು ಕೊಡುವುದು ಮನೆಯ ಹೆಣ್ಣುಮಗಳು. ಅತ್ತೆ ಕೊಟ್ಟಿದ್ದಳು, ಅತ್ತೆ ಲಿಂಗೈಕ್ಯಳಾದ ಮೇಲೆ ಲಲಿತಾಬಾಯಿ. ಆ ಮನೆಯಲ್ಲಿ ಆಕೆಯ ಕೈ ಮೇಲಿರುತ್ತಿದ್ದುದು ಅದೊಂದು ದಿನ. ಪೂಜೆಗೆ ಕುಳಿತಾಗ, ದೇವರೇ ನಾನೂ ಒಂದಿಷ್ಟು ದಾಸೋಹ ಮಾಡಿದ್ದೇನೆ ಎಂದು ಎಣಿಸಿಕೊಳ್ಳಲು ಆಕೆಗಿದ್ದುದೂ ಅದೊಂದೇ.

ಈಗ ಅದರ ಬಾಯಿಗೆ ಯಾವ ಬಣ್ಣದ ಬಟ್ಟೆ ತುರುಕಬೇಕು ಎಂದು ಆಕೆಯನ್ನೇ ಕೇಳುತ್ತಿದ್ದಾರೆ.

"ನೆಲಾ ನೀವು ಯಾವಾಗೋ ಆರಿಸೀರಿ," ಎಂದಳು ಆಕೆ. ದನಿ ಏರಿತ್ತು, ಪಕ್ಕದಲ್ಲಿ ಪರದೆ ಬಟ್ಟೆ ನೋಡುತ್ತಿದ್ದವರು ತಿರುಗಿದರು. "ಬಣ್ಣ ನನ್ನ ಕೈಲೆ ಆರಿಸಿ, ನಾಳೆ ಮಂದಿ ಕೇಳಿದ್ರ ನನ್ನ ಹೇಣ್ತಿನೇ ಒಪ್ಪಿದ್ಲು ಅನ್ನಾಕೇನು? ನಾ ತಿಳೀದೂ ಅನ್ನೂದಿಲ್ಲ, ಕರೀದೂ ಅನ್ನೂದಿಲ್ಲ."

"ಅಂಗಡ್ಯಾಗ ಮರ್ಯಾದಿ ತಗೀಬ್ಯಾಡ."

"ಮನ್ಯಾಗ ನೀವು ತಗದೀರಿ. ನಾ ಅಂಗಡ್ಯಾಗ ತಗದ್ರ ತಪ್ಪೇನು?"

ಖಮರುದ್ದೀನ್ ಪಾಪ, ಚಹಾ ತರಿಸಲೇ ಎಂದ. ವೈಜನಾಥ ಹೊತ್ತಿದ ಬೆಲ್ಲದ ಸುರುಳಿಯ ಮೇಲೆ ಕೈ ಬಡಿದ. "ಕರೀದು ಕಟ್ರಿ. ಹೊಲಸು ಕಾಣೂದಿಲ್ಲ."

ಹುಮನಾಬಾದಿನಿಂದಲೇ ಕೆಲಸಗಾರರು ಬಂದರು. ಹಗೇವಿನ ಕಲ್ಲು ಎತ್ತುವ ಕಬ್ಬಿಣದ ಬಳೆ ಗರಗಸದಿಂದ ಕೊಯ್ದು, ಸಂದಿಗೆ ಸಿಮೆಂಟು ತುಂಬಿ, ಸರೇಸಿನ ಅಂಟು ಬಳಿದು ಹಾಸು ಎಳೆದರು. ಒಳಗೆ ಅರ್ಧ ಹಗೇವು ಜೋಳ ಹಾಗೆಯೇ ಇತ್ತು. ಲಾರಿ ಬಂದಾಗ ಆ ತುಣುಕಷ್ಟೇ ಎಬ್ಬಿಸಿದರಾಯಿತು ಎಂದ ವೈಜನಾಥ. ಸರೇಸಿನ ವಾಸನೆಗೆ ದೇವರ ಜಗಲಿಯ ಊದುಬತ್ತಿ ಸೋತಿತು. ಓಣಿಯವರು ಬಂದು ನೋಡಿದರು. ಕೆಲವರು ಬಗ್ಗಿ ಉಗುರಿನಿಂದ ಗೀರಿ, "ಕಟಗೀನೇ ಬಿಡ್ರಿ ಸಾವ್ಕಾರ್ರ!" ಎಂದರು. ವೈಜನಾಥ ಬೀಗಿದ. ಲಲಿತಾಬಾಯಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಂದಿನ ಬಡಿತ ಕೋಟೆಯ ಬುರುಜಿಗೂ ಕೇಳಿಸಿರಬೇಕು.

ಭೂಮಿತಾಯಿ ಜಗಳಗಂಟಿಯಲ್ಲ, ಆದರೆ ಉಸಿರು ಕಟ್ಟಿದರೆ ಯಾರು ಸುಮ್ಮನಿರುತ್ತಾರೆ? ಹಗೇವಿನ ಜೋಳ ಒಳಗೊಳಗೇ ಕಾವು ಕೂಡುತ್ತದೆ, ಬೆವರುತ್ತದೆ. ಸೆಗಣಿ ಮಣ್ಣು ಆ ಹಬೆಯನ್ನು ಸಣ್ಣಗೆ ಹೊರಬಿಡುತ್ತದೆ, ಪ್ಲಾಸ್ಟಿಕ್ ಬಿಡುತ್ತದೆಯೇ? ಕೆಲವು ದಿನ ಕಳೆಯುವುದರಲ್ಲಿ ಪಡಸಾಲೆಯ ನಡುವೆ ಓಕ್ ಮರ ಪೂರಿಯ ಹಾಗೆ ಉಬ್ಬಿತು. ವೈಜನಾಥ ಕಾಲಿನಿಂದ ಒತ್ತಿದ. ಇತ್ತ ಒತ್ತಿದರೆ ಅತ್ತ ಎದ್ದಿತು. ಕೊನೆಗೆ ಅದರ ಮೇಲೆ ತನ್ನ ಕುರ್ಚಿ ಹಾಕಿಸಿಕೊಂಡು ಕುಳಿತ.

"ಅದು ಉಸರ ಬಿಡಾಕತ್ತೇದ್ರಿ," ಎಂದಳು ಲಲಿತಾಬಾಯಿ. "ನೀವು ಅದರ ಎದಿ ಮ್ಯಾಲ ಕುಂತೀರಿ."

"ನಿನ್ನ ಬಾಯಿಗೂ ಒಂದು ಹಾಸು ತರಬೇಕಿತ್ತು."

ಮಣ್ಣೆತ್ತಿನ ಅಮಾವಾಸ್ಯೆ ಬಂತು, ಹೋಯಿತು. ಮಾರನೆಯ ಬೆಳಿಗ್ಗೆ ಮೋರಖಂಡಿಯಿಂದ ಅಂಬಾದಾಸ ಮತ್ತು ಅವನ ಹೆಂಡತಿ ಮುಕ್ತಾಬಾಯಿ ಚೀಲ, ಹಗ್ಗ, ಕಂದೀಲು ಹಿಡಿದು ಬಂದು ಅಂಗಳದಲ್ಲಿ ನಿಂತರು. ಆ ಹೊಲದ ಸುಗ್ಗಿಯ ಕೆಲಸ ಅವರ ಮನೆಯವರದು. ಹಗೇವಿಗೆ ಇಳಿಯುವವನೂ ಅಂಬಾದಾಸನೇ, ಅವನ ಅಪ್ಪನ ನಂತರ.

ವೈಜನಾಥ ಹೊಸ್ತಿಲಿನಲ್ಲೇ ನಿಂತು ಹೇಳಿದ. "ಹಗೇವು ಬಂದ್ ಮಾಡೀನಿ. ಆಯಾ ಗೀಯಾ ಇನ್ನ ಇಲ್ಲ. ಸುಗ್ಗ್ಯಾಗ ಕೂಲಿ ತಗೊಂಡೀರಿ, ಮುಗೀತು. ಕಾಲ ಬದಲಾಗೇದ." ಜೋಡು ಮೆಟ್ಟಿ, ಲಾರಿಯ ಮಾತಾಡಲು ಅಡತಿಯ ಕಡೆ ಹೊರಟುಹೋದ.

ಲಲಿತಾಬಾಯಿ ಒಳಗಿನಿಂದ ಓಡಿಬಂದಳು. ಆಕೆಯ ಕಣ್ಣಲ್ಲಿ ನೀರಿತ್ತು, ಸಿಟ್ಟಿನದು. "ಮುಕ್ತಾ, ನೀ ಬ್ಯಾಸರಾ ಮಾಡ್ಕೋಬ್ಯಾಡ. ಇಷ್ಟು ವರ್ಷ ನಾ ನನ್ನ ಕೈಯಾರೆ ಕೊಟ್ಟೀನಿ. ನನ್ನ ಕೈನೇ ಕಡದ್ರು ನೋಡು."

ಮುಕ್ತಾಬಾಯಿ ಚೀಲ ಕೆಳಗಿಟ್ಟಳು. "ನೀ ಕೊಟ್ಟಿ?"

"ಮತ್ತ?"

"ಬಿತ್ತಿದಾವ್ರು ನಾವು, ಕೊಯ್ದಾವ್ರು ನಾವು, ತಂದು ತುಂಬಿದಾವ್ರು ನಾವು. ನೀ ಸೇರಿನಾಗ ಅಳದಿ. ಅಳದದ್ದಕ್ಕ ಕೊಟ್ಟೀನಿ ಅಂತಾರೇನು ಬಾಯಿ?"

"ಏ, ಸುಮ್ಮನಿರ," ಎಂದ ಅಂಬಾದಾಸ.

"ಯಾಕ ಸುಮ್ಮನಿರ್ಲಿ? ಇಷ್ಟ ದಿವಸ ಸುಮ್ಮನಿದ್ದದ್ದಕ್ಕ ನಮ್ಮ ಪಾಲಿನ ಮ್ಯಾಲ ಕುರ್ಚಿ ಹಾಕ್ಕೊಂಡು ಕುಂತಾರ." ಆಕೆ ಮತ್ತೆ ಲಲಿತಾಬಾಯಿಯ ಕಡೆ ತಿರುಗಿದಳು. "ನಿನ್ನ ಮಣ್ಣಿನ ನೆಲಾ ಹೋತಂತ ಅಳಾಕತ್ತಿ. ಆ ನೆಲದಾಗ ನನ್ನ ಗಂಡ ಇಳೀತಿದ್ದ. ನಿಮ್ಮನಿ ಹೊಟ್ಟ್ಯಾಗ ಇಳ್ದಾಂವಗ ಪಡಸಾಲ್ಯಾಗ ಒಂದ ಗಳಿಗಿ ಕೂಡು ಅಂತ ಯಾವತ್ತರ ಅಂದೀಯೇನು? ಅಂವ ಅಂಗಳಕ್ಕ ಬರೂದ ತಡ, ನೀ ಸಗಣಿ ಬುಟ್ಟಿ ತಂದು ಅಂವ ತುಳದ ಹೆಜ್ಜಿ ಮ್ಯಾಲ ಸಾರಸ್ತಿದ್ದಿ. ನನಗ ಕಾಣಿಸ್ತಿರಲಿಲ್ಲ ಅಂತ ಮಾಡೀಯೇನು?"

ಲಲಿತಾಬಾಯಿ ಬಾಯಿ ತೆರೆದಳು. ಧೂಳಾಗಿರ್ತಿತ್ತು, ಕಾಳು ಚೆಲ್ಲಿರ್ತಿತ್ತು, ಅದಕ್ಕ ಸಾರಸ್ತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಹಬ್ಬಕ್ಕೆ ಬಂದ ನೆಂಟರು ಇದೇ ಪಡಸಾಲೆಯಲ್ಲಿ ಕಾಳು ಚೆಲ್ಲಿದಾಗ ಆಕೆ ಬರೀ ಕಸಬರಿಗೆ ಆಡಿಸಿದ್ದಳು. ಸಾರಿಸಿರಲಿಲ್ಲ. ಕೈಗೆ ಗೊತ್ತಿದ್ದದ್ದನ್ನು ಮನಸ್ಸು ಇಷ್ಟು ವರ್ಷ ಕೇಳಿರಲೇ ಇಲ್ಲ. ಜಾತಿ ಕುಲ ಎಣಿಸಬೇಡ ಎಂದ ಶರಣರ ಊರಿನಲ್ಲಿ ಕುಳಿತು, ಲಿಂಗ ಹಿಡಿದು ಪೂಜಿಸುವ ಕೈಯಿಂದಲೇ ಅವನ ಹೆಜ್ಜೆ ಸಾರಿಸಿದ್ದಳು.

ಗಂಡನ ಮೇಲಿದ್ದ ಸಿಟ್ಟು ಕಡಿಮೆಯಾಗಲಿಲ್ಲ. ಆದರೆ ಅದಕ್ಕೆ ಇನ್ನೊಂದು ಮನೆ ಸಿಕ್ಕಿತು, ಆಕೆಯೊಳಗೇ. ಆ ಉರಿ ಮೊದಲಿನದಕ್ಕಿಂತ ಹೆಚ್ಚು ಸುಟ್ಟಿತು. ಆಕೆ ಸರಸರನೆ ಒಳಗೆ ಹೋಗಿ ಕುಡುಗೋಲು ತಂದಳು, ಕುರ್ಚಿ ಒದ್ದಳು, ಉಬ್ಬಿದ ಓಕಿಗೆ ತುದಿ ಚುಚ್ಚಿದಳು. ಪುಸ್ಸೆಂದು ಬಿಸಿ ಗಾಳಿ ಮುಖಕ್ಕೆ ಹೊಡೆಯಿತು.

"ಒಳಗ ಬರ್ರಿ," ಎಂದು ಕೂಗಿದಳು, ಕೊಯ್ಯುತ್ತಲೇ.

ಹೊರಗಿನಿಂದ ಮುಕ್ತಾಬಾಯಿಯ ದನಿ ಬಂತು. "ಇವತ್ತ ಒಳಗ ಬರ್ರಿ? ಯಾಕ, ಪ್ಲಾಸ್ಟಿಕ್ಕಿಗೆ ಮೈಲಿಗಿ ಹತ್ತೂದಿಲ್ಲಂತ ಅಂಗಡಿಯಾಂವ ಹೇಳ್ಯಾನೇನು?"

"ಬರೂದಿದ್ರ ಬಾ. ಬರದಿದ್ರ ಅಲ್ಲೇ ನಿಂತು ಬೈಯಿ. ನೀ ಬೈಯೂದು ಖರೇ ಅದ. ನನಗಂತೂ ಈ ಕಲ್ಲ ಒಬ್ಬಾಕಿಗೆ ಏಳೂದಿಲ್ಲ."

ಮುಕ್ತಾಬಾಯಿ ಚೀಲ ಎತ್ತಿಕೊಂಡು ಒಳಗೆ ಬಂದಳು, ಹಿಂದೆ ಅಂಬಾದಾಸ. ಅವನು ಹಾರೆ ಕೇಳಿದ. ಸಿಮೆಂಟು ಒಡೆದು, ಹಾರೆ ಮೀಟಿ, ಮೂವರೂ ಸೇರಿ ಕಲ್ಲು ಸರಿಸಿದರು. ಹುಳಿ ಹುಳಿ ಹಬೆ ಎದ್ದಿತು. ಅಂಬಾದಾಸ ಕಂದೀಲು ಹಚ್ಚಿ ಸಣ್ಣ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಕತ್ತಲಿಗೆ ತಾಗಿದ್ದೇ ದೀಪ ಆರಿತು. ದೀಪ ನಿಲ್ಲದ ಹಗೇವಿನಲ್ಲಿ ಜೀವವೂ ನಿಲ್ಲುವುದಿಲ್ಲ.

"ಕೂಡಬೇಕು," ಎಂದ ಅವನು. "ಭಾಳ ಬಿಗಿ ಮಾಡ್ಯಾರ. ಕೆಟ್ಟ ಗಾಳಿ ಹೋಗಾಕ ಹೊತ್ತ ಹಿಡೀತದ."

ಕುಳಿತರು. ಹಗೇವಿನ ಬಾಯಿಯ ಆಚೆ ಗಂಡ ಹೆಂಡತಿ, ಈಚೆ ಲಲಿತಾಬಾಯಿ. ಆಕೆ ತಂಬಿಗೆಯಲ್ಲಿ ನೀರು ತಂದಿಟ್ಟಳು. ಮುಕ್ತಾಬಾಯಿ ತಂಬಿಗೆಯನ್ನು ನೋಡಿದಳು, ಆಕೆಯನ್ನು ನೋಡಿದಳು, ಮುಟ್ಟಲಿಲ್ಲ. ಅಂಬಾದಾಸ ಕುಡಿದ. ಎರಡನೆಯ ಸಲ ಇಳಿಬಿಟ್ಟಾಗ ದೀಪ ಒಂದಿಷ್ಟು ಒದ್ದಾಡಿ ಆರಿತು.

ಆಗ ವೈಜನಾಥ ಬಂದ.

ಕೊಯ್ದ ಹಾಸು ಒಂದು ಮಗ್ಗುಲಿಗೆ ನಾಲಿಗೆಯಂತೆ ಮಡಚಿ ಬಿದ್ದಿತ್ತು. ಅವನು ಅದನ್ನು ನೋಡಿದ, ತೆರೆದ ಬಾಯಿಯನ್ನು ನೋಡಿದ, ಕುಳಿತವರನ್ನು ನೋಡಿದ. ಅವನು ಹೊಸ್ತಿಲು ದಾಟಿದರೆ ಆಳುಗಳು ಎದ್ದು ನಿಲ್ಲುವುದು ವಾಡಿಕೆ. ಅಂಬಾದಾಸನ ಮೊಣಕಾಲು ಅರ್ಧ ಎದ್ದಿತು. ಮುಕ್ತಾಬಾಯಿ ಅವನ ತೊಡೆಯ ಮೇಲೆ ಕೈ ಇಟ್ಟಳು. ಅವನು ಕುಳಿತ.

"ಯಾರು ಕೊಯ್ದದ್ದು?"

"ನಾ," ಎಂದಳು ಲಲಿತಾಬಾಯಿ.

"ತೆಲಿ ನೆಟ್ಟಗದ ಇಲ್ಲೋ ನಿಂದು? ಹುಮನಾಬಾದಿಂದ ತಂದ ಮಾಲ್! ಓಣಿ ಮಂದಿ ಏನಂದಾರು?"

"ಏನರ ಅನ್ಲಿ. ನೀವು ಆರಿಸು ಅಂದಿದ್ರಿ. ಈಗ ಆರಿಸೀನಿ."

ಅವನು ಆಕೆಯನ್ನು ಬಿಟ್ಟು ಅಂಬಾದಾಸನ ಮೇಲೆ ಹರಿಹಾಯ್ದ. ತಗ್ಗು ಕಂಡಲ್ಲಿಗೆ ಹರಿಯುವುದು ನೀರಿನ ಗುಣ, ಸಿಟ್ಟಿನದೂ ಅದೇ. "ಲೇ, ಇವತ್ತ ಇದರಾಗ ಇಳದಿ ಅಂದ್ರ ಮುಂದಿನ ವರ್ಷ ನನ್ನ ಹೊಲದಾಗ ಕಾಲ ಇಡಬ್ಯಾಡ. ತಿಳೀತಿಲ್ಲೋ?"

ಅಂಬಾದಾಸ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. ಲಲಿತಾಬಾಯಿ ಏನೋ ಹೇಳಲು ಎದ್ದಳು. ಮುಕ್ತಾಬಾಯಿ ಕೂತಲ್ಲಿಂದಲೇ, ಯಾರನ್ನೂ ನೋಡದೆ ಹೇಳಿದಳು: "ಮುಂದಿನ ವರ್ಷದ ಮಾತು ಮುಂದಿನ ವರ್ಷ ಆಡೂಣ್ರಿ ಸಾವ್ಕಾರ್ರ. ಇದು ಹ್ವಾದ ಸುಗ್ಗೀ ಜ್ವಾಳ."

ವೈಜನಾಥ ಒಂದು ಹೆಜ್ಜೆ ಮುಂದಿಟ್ಟ. ನಡುವೆ ಹಗೇವು ಬಾಯಿ ತೆರೆದಿತ್ತು. ದಾಟಲಾರ, ಸುತ್ತಿ ಬರಲು ಮಡಚಿ ಬಿದ್ದ ಹಾಸು ಅಡ್ಡ. ನಿಂತಲ್ಲೇ ನಿಂತ. ಕುರ್ಚಿ ಆ ಮೂಲೆಯಲ್ಲಿ ಕಾಲು ಮೇಲಾಗಿ ಬಿದ್ದಿತ್ತು. ಲಲಿತಾಬಾಯಿ ಅದನ್ನು ಎತ್ತಿ ಕೊಡಲಿಲ್ಲ. ಆಕೆ ದಪ್ಪ ಹಗ್ಗದ ಒಂದು ತುದಿ ಹಿಡಿದಳು.

ಅಂಬಾದಾಸ ಮೂರನೆಯ ಸಲ ಕಂದೀಲು ಇಳಿಬಿಟ್ಟ. ಅದು ಕೆಳಗೆ ಕೆಳಗೆ ಹೋಯಿತು, ಜೋಳದ ಮೇಲೆ ಕುಳಿತಿತು. ಬೆಳಕು ಅಲುಗಲಿಲ್ಲ. ಅಷ್ಟು ಆಳದಲ್ಲಿ ಕಾಳುಗಳು ಹೊಳೆಯುತ್ತಿದ್ದವು; ಅಂಚಿನವು ಬೆವರಿಗೆ ಕಪ್ಪಾಗಿದ್ದವು, ನಡುವಿನವು ಇನ್ನೂ ಬೆಳ್ಳಗಿದ್ದವು.

ಅವನು ತಲೆ ಎತ್ತಿದ. ಸಾಹುಕಾರನನ್ನು ನೋಡಲಿಲ್ಲ, ಲಲಿತಾಬಾಯಿಯನ್ನೂ ನೋಡಲಿಲ್ಲ. ಹೆಂಡತಿಯನ್ನು ನೋಡಿದ.

ಮುಕ್ತಾಬಾಯಿ ಅವನ ನಡುವಿಗೆ ದಪ್ಪ ಹಗ್ಗದ ಇನ್ನೊಂದು ತುದಿ ಬಿಗಿದು, ಗಂಟು ಎಳೆದು ನೋಡಿದಳು.

"ಇಳಿ," ಅಂದಳು.