ಬೋನಿಗೆ ಹಗ್ಗವಿಲ್ಲ

ನನ್ನ ತಮ್ಮ ಇಸಾಮುವಿನ ಮುಖ ಒಂದು ಕಾಲದಲ್ಲಿ ಒಸಾಕಾದ ರೈಲ್ವೆ ಸ್ಟೇಷನ್ನಿನ ಗೋಡೆ ತುಂಬ ಇತ್ತು. ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಆ ಕಾಳಗದಲ್ಲಿ ಅವನನ್ನು ಮೀರಿಸೋರು ಇರಲಿಲ್ಲ. ಆಗ ಆಕ್ಟೋಪಸ್ ತುಂಬಿದ ಬೋಂಡಾ ಮಾರೋ ನನ್ನ ತಾಕೋಯಾಕಿ ಅಂಗಡಿಗೆ ಬಂದು, "ಫುಸಾಯೆ ಅಕ್ಕಾ, ತಮ್ಮನ ಜೊತೆ ಒಂದೇ ಒಂದು ಫೋಟೋ" ಅಂತ ಹಲ್ಲುಗಿಂಜಿದವರು ಎಷ್ಟು ಮಂದಿಯೋ. ಸಾಲಾಗಿ ಸೋಲೋಕೆ ಶುರುವಾದ ಮೇಲೆ ಒಂದು ನರಪಿಳ್ಳೆಯೂ ಇತ್ತ ತಲೆ ಹಾಕಲಿಲ್ಲ. ಪಂದ್ಯ ಏರ್ಪಡಿಸುವ ಒಬ್ಬ ಮಹಾಶಯ ಮಾತ್ರ ದೊಡ್ಡ ಹೂಗುಚ್ಛ ಹಿಡಿದು ಬಂದ. "ನಿವೃತ್ತಿ ಸಮಾರಂಭ ಜೋರಾಗಿ ಮಾಡೋಣ. ಹತ್ತು ಸಲ ಗಂಟೆ ಬಾರಿಸಿ ಮರ್ಯಾದೆಯಾಗಿ ಕಳಿಸಿಕೊಡ್ತೀವಿ" ಅಂದ. ಸತ್ತವರಿಗೆ ಬಾರಿಸೋ ಗಂಟೆಯನ್ನ ಬದುಕಿರೋನಿಗೆ ಬಾರಿಸ್ತಾನಂತೆ! ಅವನು ಮೂಲೆ ತಿರುಗೋ ಮೊದಲೇ ಹೂವನ್ನು ಕಸದ ಬುಟ್ಟಿಗೆ ತುರುಕಿದೆ.

ಇಸಾಮುಗೆ ಈಗ ಮೂವತ್ತೆಂಟು. ನಾನು ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ಹೋದಳು. ಅವನ ಮೂಗೊರೆಸಿದವಳು ನಾನು, ಬಿದ್ದಾಗ ಎತ್ತಿದವಳೂ ನಾನು. ಅವನು ಕಾಳಗಕ್ಕಿಳಿದ ಮೇಲೂ ನೀರಿನ ಬಾಟಲಿ, ಐಸು ಹಿಡಿದು ರಿಂಗಿನ ಹೊರಗೆ ಅವನ ಮೂಲೆಯಲ್ಲಿ ನಿಂತವಳು ನಾನೇ. ಹಾಗಾಗಿ ಕೊರಿಯಾದ ಪುಸಾನಿನಿಂದ ಎರಡು ಪಂದ್ಯಕ್ಕೆ ಕರೆ ಬಂದಾಗ, ಅಂಗಡಿಗೆ ಬೀಗ ಜಡಿದು ನಾನೂ ಹಡಗು ಹತ್ತಿದೆ. "ನೀನ್ಯಾಕಕ್ಕಾ?" ಅಂದ. "ನಿನ್ನ ಚಡ್ಡಿ ಒಗೆಯೋಕೆ ಕಣೋ" ಅಂದೆ.

ಪುಸಾನಿನ ಮೊದಲ ಪಂದ್ಯ ಸೋತೇ ಹೋದ. ಅಲ್ಲಿ ಹಗ್ಗ ಕಟ್ಟಿದ ನಮ್ಮ ರಿಂಗ್ ಇಲ್ಲ, ಸುತ್ತಲೂ ಕಬ್ಬಿಣದ ಜಾಲರಿಯ ಬೋನು. ಎದುರಾಳಿ ಇವನನ್ನು ಜಾಲರಿಗೆ ಒತ್ತಿ ಹಿಡಿದದ್ದೇ ತಡ, ಇವನ ಕೈಕಾಲು ಒಣಹಾಕಿದ ಬಟ್ಟೆಯ ಹಾಗೆ ಜೋತುಬಿದ್ದವು. ಆಮೇಲೆ ಬಿದ್ದ ಗುದ್ದುಗಳನ್ನು ನೋಡಲಾರದೆ ರೆಫ್ರಿಯೇ ಪಂದ್ಯ ನಿಲ್ಲಿಸಿದ. "ಮುದಿ ಎತ್ತು, ಪಾಪ" ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ನನಗೆ ಕೊರಿಯನ್ ಬರಲ್ಲ. ಆದರೂ ಅಂದದ್ದೇನೆಂದು ಆ ದನಿಯಲ್ಲೇ ತಿಳಿಯಿತು. ಇನ್ನು ಉಳಿದದ್ದು ಒಂದೇ ಪಂದ್ಯ. ಅದನ್ನೂ ಸೋತರೆ ಯಾವ ದೇಶದವರೂ ಇವನನ್ನು ಕರೆಯೋದಿಲ್ಲ. ಊರಿಗೆ ಹೋಗಿ ಗಂಟೆ ಬಾರಿಸಿಕೊಳ್ಳೋದೊಂದೇ ದಾರಿ.

ನಮಗೆ ಜಾಗ ಕೊಟ್ಟವರು ಪ್ಯೋ ಮಾಸ್ತರು. ಬಂದರಿನ ಹತ್ತಿರ ಅವರದೊಂದು ಜಿಮ್ಮು, ಮೇಲೆ ನಮ್ಮ ಕೋಣೆ. ಮಾಸ್ತರು ಹರೆಯದಲ್ಲಿ ಒಸಾಕಾದಲ್ಲಿ ಮೂಟೆ ಹೊತ್ತವರು, ಅದಕ್ಕೇ ನಮ್ಮ ಮಾತು ಬರುತ್ತಿತ್ತು, ಬೈಗುಳವಂತೂ ಸುಲಲಿತವಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಶಿಷ್ಯನೊಬ್ಬ ಇಸಾಮುವನ್ನು ಜಾಲರಿಗೆ ಒತ್ತಿ ಹಿಡಿದಿದ್ದ. ನಾನು ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ರೆಫ್ರಿಯಾಗಿ ನಿಂತಿದ್ದ ಮಾಸ್ತರು ಇದ್ದಕ್ಕಿದ್ದಂತೆ ಕೂಗಿದರು.

"ಏನಯ್ಯಾ, ನನ್ನ ಮುಖ ಯಾಕೆ ನೋಡ್ತೀಯ? ಮೂತಿಗೆ ಅನ್ನ ಮೆತ್ಕೊಂಡಿದೆಯಾ?"

ಇಸಾಮು ತಬ್ಬಿಬ್ಬಾದ. "ನಾನೆಲ್ಲಿ ನೋಡಿದೆ ಮಾಸ್ತರೇ?"

"ನೋಡ್ದೆ ಕಣಯ್ಯಾ! ನಿನ್ನೆಯೂ ನೋಡ್ದೆ. ಜಾಲರಿಗೆ ಬೆನ್ನು ತಾಗಿದ್ದೇ ಸಾಕು, ಕೈಕಾಲು ಬಿಟ್ಟು ನನ್ನ ಕಡೆ ತಿರುಗ್ತೀಯ. ಹೆಣ್ಣು ನೋಡೋಕೆ ಬಂದ ಗಂಡು ಅಡುಗೆಮನೆ ಕಡೆ ನೋಡ್ತಾನಲ್ಲ, ಹಾಗೆ."

ನನಗೆ ನಗು ತಡೆಯಲಾಗಲಿಲ್ಲ. ಆದರೆ ಇಸಾಮು ನಗಲಿಲ್ಲ. ಜಾಲರಿಗೆ ಒರಗಿದವನು ಹಾಗೇ ನೆಲಕ್ಕೆ ಕುಸಿದು ಕೂತ.

"ಅಕ್ಕಾ, ನಾನು ಕಾಯ್ತಾ ಇದ್ದೀನಿ" ಅಂದ.

"ಏನನ್ನೋ?"

"ರೆಫ್ರಿ 'ನಿಲ್ಲಿ, ಅಲ್ಲಾಡಬೇಡಿ' ಅನ್ನೋದನ್ನ."

ಬೆಳ್ಳುಳ್ಳಿ ನನ್ನ ಕೈಯಿಂದ ಬಿತ್ತು. ನಮ್ಮೂರಿನ ರಿಂಗಿನಲ್ಲಿ ಇಬ್ಬರೂ ಜಗ್ಗಾಡಿಕೊಂಡು ಹಗ್ಗದ ಮೇಲೆ ಬಿದ್ದರೆ ಹೊರಗೆ ಉರುಳುತ್ತಾರಲ್ಲ, ಅದಕ್ಕೆ ರೆಫ್ರಿ ನಿಲ್ಲಿಸುತ್ತಾನೆ. ಹಿಡಿದ ಪಟ್ಟು ಹಾಗೇ ಇರಬೇಕು, ಇಬ್ಬರನ್ನೂ ನಡುವಿಗೆ ಎಳೆದು ತಂದು ಮತ್ತೆ ಶುರು ಮಾಡಿಸುತ್ತಾನೆ. ಆ ಎರಡು ಗಳಿಗೆ ಆಟಗಾರನಿಗೆ ಉಸಿರು ಬಿಡೋಕೆ ಸಿಗುತ್ತೆ. ಇಪ್ಪತ್ತು ವರ್ಷ ಇವನ ಮೈ ಕಲಿತದ್ದು ಅದೇ: ಬೆನ್ನಿಗೇನಾದರೂ ತಾಗಿದರೆ ಸಡಿಲ ಬಿಡು, ಯಾರೋ ಬಂದು ನಡುವಿಗೆ ಒಯ್ಯುತ್ತಾರೆ. ಬೋನಿನಲ್ಲಿ ಯಾರು ಹೊರಗೆ ಬೀಳುತ್ತಾರೆ? ಅಲ್ಲಿ ಯಾರೂ ನಿಲ್ಲಿ ಅನ್ನೋದಿಲ್ಲ. ಮೊದಲ ಪಂದ್ಯದಲ್ಲಿ ನನ್ನ ತಮ್ಮ ಗುದ್ದು ತಿಂದದ್ದು ಮುದಿಯಾಗಿ ಅಲ್ಲ, ವಿಧೇಯನಾಗಿ!

"ಅಯ್ಯೋ ನನ್ನ ಕರ್ಮವೇ" ಅಂದೆ.

ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. "ವಯಸ್ಸಾಯ್ತು ಅಂತ ನಾನು ಮರುಗ್ತಿದ್ರೆ, ಇವನು ಬಸ್ಸಿಗೆ ಕಾಯ್ತಾ ನಿಂತಿದಾನೆ!"

ಇಸಾಮುವೂ ನಕ್ಕ. ಎಷ್ಟು ತಿಂಗಳಾಗಿತ್ತೋ ಅವನು ನಕ್ಕು. ಅಂದು ಹಂದಿ ಸಾರು-ಅನ್ನದ ಬಟ್ಟಲನ್ನು ನೆಕ್ಕಿ ಖಾಲಿ ಮಾಡಿ, ಇನ್ನೊಂದು ಹಾಕಿಸಿಕೊಂಡ. ಅವನ ಹಸಿವು ನೋಡಿ ನನಗೆ ಎದೆ ತುಂಬಿ ಬಂತು.

ಕಾರಣ ಗೊತ್ತಾದ ಮಾತ್ರಕ್ಕೆ ಚಾಳಿ ಬಿಡುತ್ತದೆಯೇ? ಅವನು ಜಾಲರಿಗೆ ತಾಗಿ ಸಡಿಲ ಬಿಟ್ಟಾಗಲೆಲ್ಲ ಮಾಸ್ತರು ಒದ್ದೆ ಟವೆಲ್ಲಿನಿಂದ ಚಟೀರನೆ ಬಾರಿಸಿದರು. "ಬಸ್ಸು ಬಂತಾ? ಬಂತಾ ಬಸ್ಸು?" ಅಂತ ಶಿಷ್ಯರೆಲ್ಲ ರೇಗಿಸಿದರು. ದಿನ ಕಳೆದಂತೆ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ, ಸುಸ್ತಾದಾಗ ಮತ್ತೆ ಬರುತ್ತಿತ್ತು. ಅದೇ ನನಗೆ ಭಯ.

ಎರಡನೇ ಪಂದ್ಯದ ಎದುರಾಳಿ ನಾಮ್ ತೆಗ್ಯು ಅನ್ನುವ ಹುಡುಗ, ತಲೆಗೂದಲಿಗೆ ಕೆಂಪು ಬಣ್ಣ ಬಳಿದಿದ್ದ. ಬೋನಿಗೆ ಹೋಗುವ ಮುಂಚೆ ಮಾಸ್ತರು ನನ್ನ ಕೈಗೆ ಬಿಳಿ ಟವೆಲ್ ಕೊಟ್ಟರು. "ಸಾಕು ಅನ್ನಿಸಿದರೆ ಒಳಗೆ ಎಸೆಯಿರಿ, ಪಂದ್ಯ ನಿಲ್ಲುತ್ತೆ. ನನ್ನ ಕೈಲಿದ್ರೆ ಸಿಟ್ಟಿಗೆ ಬೇಗ ಎಸೆದುಬಿಡ್ತೀನಿ" ಅಂದರು. ನನ್ನ ಸಿಟ್ಟಿನ ಬಗ್ಗೆ ಅವರಿಗೇನು ಗೊತ್ತು?

ಮೊದಲ ಸುತ್ತು ಇಸಾಮುವಿನದು. ಎರಡನೆಯದರಲ್ಲಿ ಕೆಂಪುಗೂದಲಿನವನು ಇವನ ಹುಬ್ಬು ಒಡೆದು ರಕ್ತ ಹರಿಸಿದ. ಕೊನೆಯ ಸುತ್ತಿಗೆ ಇವನ ಉಸಿರು ತಿದಿಯೊತ್ತಿದ ಹಾಗೆ ಕೇಳಿಸುತ್ತಿತ್ತು. ಆ ಹುಡುಗ ತಲೆಯನ್ನು ಇವನ ಗದ್ದಕ್ಕೆ ಕೊಟ್ಟು ದಬ್ಬಿಕೊಂಡೇ ಬಂದ. ಸರಿಯಾಗಿ ನನ್ನ ಮುಂದೆಯೇ ಇಸಾಮುವಿನ ಬೆನ್ನು ಜಾಲರಿಗೆ ಬಡಿಯಿತು.

ಅವನ ಕೈಗಳು ಇಳಿದವು. ಕಣ್ಣು ರೆಫ್ರಿಯನ್ನು ಹುಡುಕಿತು.

ಒಂದು ಗುದ್ದು ಪಕ್ಕೆಗೆ ಬಿತ್ತು, ಇನ್ನೊಂದು ಕಿವಿಗೆ. ಟವೆಲ್ ಹಿಡಿದ ನನ್ನ ಕೈ ತಾನಾಗಿ ಮೇಲೆದ್ದಿತು. ಎಸೆದರೆ ಮುಗಿಯಿತು, ಒಳಗೆ ಓಡಿಹೋಗಿ ಅವನನ್ನು ಎತ್ತಿಕೊಳ್ಳುತ್ತೇನೆ. ಜೀವಮಾನವೆಲ್ಲ ಮಾಡಿದ್ದೇ ಅದು. ದೇವರಾಣೆ, ನನಗೆ ಅದೇ ಬೇಕಾಗಿತ್ತು. ಅವನು ಸೋತರೂ ಪರವಾಗಿಲ್ಲ, ಮನೆಗೆ ಬರಲಿ ಅನ್ನಿಸಿತು. ಆದರೆ ಬಾಯಿಂದ ಬಂದದ್ದೇ ಬೇರೆ.

"ಯಾರೂ ಬರಲ್ಲ ಕಣೋ ಇಸಾಮು! ಯಾರೂ ಬರಲ್ಲ! ನಾನೂ ಬರಲ್ಲ!"

ಕೊನೆಯ ಮಾತು ನಾನು ಆಡಬೇಕೆಂದು ಆಡಿದ್ದಲ್ಲ. ಟವೆಲ್ಲನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ.

ಜಾಲರಿಯ ಆಚೆ ಅವನ ಬೆನ್ನು ಸೆಟೆಯಿತು. ಎಡಗೈಯನ್ನು ಹುಡುಗನ ಕಂಕುಳಡಿ ತೂರಿಸಿದ, ಸೊಂಟ ತಿರುಗಿಸಿದ, ಒಂದೊಂದೇ ಹೆಜ್ಜೆ ಮುಂದಕ್ಕೆ ದಬ್ಬಿದ. ಬೋನಿನ ನಟ್ಟನಡುವಿಗೆ ತನ್ನನ್ನೂ ಆ ಹುಡುಗನನ್ನೂ ತಾನೇ ಒಯ್ದ. ಅಲ್ಲಿ ಹುಡುಗನ ಕಾಲಿಗೆ ಕೊಕ್ಕೆ ಹಾಕಿ ಕೆಡವಿ, ಎದೆಯ ಮೇಲೆ ಕೂತವನು ಗಂಟೆ ಹೊಡೆಯುವ ತನಕ ಏಳಲಿಲ್ಲ. ತೀರ್ಪುಗಾರರಲ್ಲಿ ಒಬ್ಬ ಹುಡುಗನಿಗೆ ಕೊಟ್ಟ, ಇಬ್ಬರು ನನ್ನ ತಮ್ಮನಿಗೆ. ಮಾಸ್ತರು ನನ್ನನ್ನು ಎತ್ತಿ ಗಿರಕಿ ಹೊಡೆಸಿದರು. ನಾನು ಮೂಗು ಸುರಿಸಿಕೊಂಡು, ನಾಚಿಕೆ ಬಿಟ್ಟು, ಗೋಳೋ ಅಂತ ಅತ್ತೆ.

ಬಟ್ಟೆ ಬದಲಿಸುವ ಕೋಣೆಗೆ ಪುಸಾನಿನ ಪಂದ್ಯ ಏರ್ಪಡಿಸಿದವರು ಬಂದರು. ಶರತ್ಕಾಲಕ್ಕೆ ಇನ್ನೊಂದು ಪಂದ್ಯ ಇದೆ, ಇಲ್ಲೇ ಇರ್ತೀರಾ ಅಂತ ಮಾಸ್ತರ ಮೂಲಕ ಕೇಳಿದರು.

"ನಾನು ಇರ್ತೀನಿ. ಅಕ್ಕ ಊರಿಗೆ ಹೋಗ್ತಾಳೆ" ಅಂದ ಇಸಾಮು.

ಅವರು ಬಾಗಿಲು ದಾಟಿದ್ದೇ ತಡ, ಅವನ ಮೇಲೆ ಎಗರಿಬಿದ್ದೆ. "ಏನೋ ಅಂದೆ ನೀನು? ನಿನಗೆ ಬೇಯಿಸಿ ಹಾಕೋರ್ಯಾರೋ? ಐಸು ಹಿಡಿಯೋರ್ಯಾರೋ? ನಿನ್ನ ಆ ಚಡ್ಡಿ..."

"ಒಗೆಯೋಕೆ ಕಲೀತೀನಿ. ನೀನೇ ಹೇಳಿದೆಯಲ್ಲಕ್ಕಾ, ಬರಲ್ಲ ಅಂತ."

"ಅದು ಸಿಟ್ಟಿಗೆ ಹೇಳಿದ್ದು ಕಣೋ ಮುಠ್ಠಾಳ!"

"ಗೊತ್ತು" ಅಂದ. ಒಡೆದ ತುಟಿಯಲ್ಲೇ ನಗುತ್ತಿದ್ದ.

ಆಮೇಲೆ ಅಂಗಿ ತೊಟ್ಟುಕೊಂಡ. ಬೆರಳುಗಳು ಊದಿ ದಪ್ಪಗಾಗಿದ್ದವು, ಗುಂಡಿ ಸಿಕ್ಕುತ್ತಿರಲಿಲ್ಲ, ಮೊದಲನೆಯದೇ ಜಾರಿ ಜಾರಿ ಹೋಗುತ್ತಿತ್ತು. ನಾನು ಎದ್ದು ಕೈ ಚಾಚಿದೆ. "ಬಿಡಕ್ಕಾ" ಅಂದ, ಮೆಲ್ಲಗೆ. ನಾನು ವಾಪಸ್ ಬೆಂಚಿನ ಮೇಲೆ ಕೂತೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವನು ಕೊನೆಯ ಗುಂಡಿ ಹಾಕಿಕೊಳ್ಳುವ ತನಕ ಸುಮ್ಮನೆ ಕಾದೆ.