ನೀರಿನ ಮೇಲಿನ ಚೂರು

"ನನ್ನ ಗಂಟಿನ ಸುತ್ತ ಬಿಳಿ ರಕ್ತಕಣಗಳು ಮುತ್ತಿಗೆ ಹಾಕಿವೆಯಂತೆ ಚಿಕ್ಕಮ್ಮ! ಮೈ ತಾನೇ ಕ್ಯಾನ್ಸರ್ ಜೊತೆ ಜಗಳಕ್ಕೆ ನಿಂತಿದೆಯಂತೆ. ಒಳ್ಳೇ ಲಕ್ಷಣ ಅಂದ್ರು. ಕೂದಲು ಉದುರೋ ಔಷಧಿ ಬೇಡವಾಗ್ಬಹುದು ಅಂತಾನೂ ಅಂದ್ರು," ಎಂದು ಅಕ್ಕ ಫೋನಿನಲ್ಲಿ ಕೂಗುತ್ತಿದ್ದಳು. ಬೆಳಗಿನಿಂದ ಇದು ಐದನೇ ಫೋನು.

ಎದುರು ಕೂತ ತಂಗಿ ಕಾಫಿ ಲೋಟವನ್ನು ಕೆಳಗಿಟ್ಟಳು. ಕುಣಿದಾಡಬೇಕಾದ ಸುದ್ದಿಯೇ, ನಿಜ. ಆದರೆ ಆ ಗಂಟಿನ ತುಣುಕನ್ನು ಹೆರೆದು ಗಾಜಿನ ಮೇಲೆ ಕೂರಿಸಿದವಳು ಅವಳೇ.

ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷದಿಂದ ಅವಳದು ಅದೇ ಕೆಲಸ. ರೋಗಿಯ ಮೈಯಿಂದ ತೆಗೆದ ತುಣುಕು ಮೇಣದ ಅಚ್ಚಿನಲ್ಲಿ ಕೂತು ಬರುತ್ತದೆ. ಅದನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಟ್ಟ ಮೇಲೆ ಗಾಜಿಗೆ ಎತ್ತಿಕೊಳ್ಳಬೇಕು. ಒಬ್ಬರದು ಮುಗಿದ ಕೂಡಲೇ ನೀರಿನ ಮೇಲ್ಮೈಯನ್ನು ಕಾಗದದಿಂದ ಒರೆಸಬೇಕು. ಮರೆತರೆ ಒಬ್ಬರ ಚೂರು ಇನ್ನೊಬ್ಬರ ಗಾಜು ಹತ್ತಿ ಕೂರುತ್ತದೆ.

ತಮ್ಮ ಮನೆಯವರ ಅಚ್ಚನ್ನು ಮುಟ್ಟಬಾರದೆಂಬ ನಿಯಮವಿತ್ತು. ಆದರೆ ಪಕ್ಕದ ಮೇಜಿನವನ ಮೇಲೆ ಅವಳಿಗೆ ಸಾಸಿವೆಯಷ್ಟೂ ನಂಬಿಕೆಯಿರಲಿಲ್ಲ. ಅವನ ಒಂದು ಕಣ್ಣು ಸದಾ ಮೊಬೈಲಿನ ಮೇಲೆ. ಅವನು ಊಟಕ್ಕೆ ಎದ್ದದ್ದೇ ತಡ, ಅಕ್ಕನ ಅಚ್ಚನ್ನು ಕಳ್ಳಿಯ ಹಾಗೆ ತನ್ನ ಕಡೆ ಎಳೆದುಕೊಂಡಿದ್ದಳು. ಅವನು ಬರುವಷ್ಟರಲ್ಲಿ ಮುಗಿಸುವ ಅವಸರ. ಅದಕ್ಕೆ ಮೊದಲು ಹೆರೆದದ್ದು ಏಳು ವರ್ಷದ ಹುಡುಗಿಯೊಬ್ಬಳ ಟಾನ್ಸಿಲ್. ಟಾನ್ಸಿಲ್ ಎಂದರೆ ತುಂಬ ಬಿಳಿ ರಕ್ತಕಣಗಳೇ. ನಡುವೆ ನೀರು ಒರೆಸಿದೆನೇ? ಎಷ್ಟು ತಲೆ ಕೆರೆದುಕೊಂಡರೂ ಕಾಗದ ಹಿಡಿದದ್ದು ನೆನಪಾಗಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು, ಅಕ್ಕನ ನಗುವೂ ಉಳಿಯುತ್ತಿತ್ತು. ಅಕ್ಕ ಉಳಿಯುತ್ತಾಳೆಯೇ? ಆ ಪ್ರಶ್ನೆಯೇ ಅವಳನ್ನು ವರದಿ ಬರೆದ ಡಾಕ್ಟರಮ್ಮನ ಕೋಣೆಗೆ ದಬ್ಬಿತು.

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಅಚ್ಚನ್ನು ಪಕ್ಕದ ಮೇಜಿನವನಿಗೆ ಕೊಟ್ಟರು. ಅವನು ಮೊಬೈಲನ್ನು ಡ್ರಾಯರಿಗೆ ಹಾಕಿ, ನೀರನ್ನೇ ಬದಲಾಯಿಸಿ, ಹೊಸದಾಗಿ ಹೆರೆದ. ಅವನ ಕೈ ಅಷ್ಟು ಹಗುರವೆಂದು ಇಷ್ಟು ವರ್ಷ ಅವಳು ಗಮನಿಸಿಯೇ ಇರಲಿಲ್ಲ. ನಾಚಿಕೆಯಾಯಿತು.

ಸಂಜೆಯ ಹೊತ್ತಿಗೆ ಬಣ್ಣ ಹಾಕಿದ ಹೊಸ ಗಾಜು ಬಂತು. ಡಾಕ್ಟರಮ್ಮ ಅದನ್ನು ಸೂಕ್ಷ್ಮದರ್ಶಕದಲ್ಲಿ ತುಂಬಾ ಹೊತ್ತು ನೋಡಿದರು. "ಬಾ, ನೀನೇ ನೋಡು," ಎಂದರು.

ನೋಡಿದಳು. ಬಿಳಿ ರಕ್ತಕಣಗಳು ಅಲ್ಲೊಂದು ಇಲ್ಲೊಂದು, ಅವೂ ಗಂಟಿನ ಹೊರಗೆ.

"ಹಳೇ ಗಾಜಲ್ಲಿ ಆ ಮಗುವಿನ ಚೂರು ಗಂಟಿಗೇ ಅಂಟಿಕೊಂಡಿದೆ. ನಾನಾದ್ರೂ ಅನುಮಾನ ಪಡ್ಬೇಕಿತ್ತು. ವರದಿ ಬದಲಾಯಿಸ್ತೀನಿ, ಔಷಧಿ ಕೊಡ್ಲೇಬೇಕಾಗುತ್ತೆ. ನಿನ್ನ ಮೇಲೂ ದೂರು ಬರೀಬೇಕಾಗುತ್ತೆ ಕಣಮ್ಮ."

"ಬರೀರಿ," ಎಂದಳು.

ಮನೆಯಲ್ಲಿ ಅಕ್ಕ ಬಟಾಣಿ ಸುಲಿಯುತ್ತಾ ಕೂತಿದ್ದಳು. ತಂಗಿ ಚಪ್ಪಲಿಯನ್ನೂ ಬಿಡದೆ ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು. ಅಮ್ಮ ಹೋದ ಮೇಲೆ ತನ್ನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳ ಮುಖವನ್ನು ನೋಡುವ ಧೈರ್ಯವಾಗದೆ ನೆಲ ನೋಡುತ್ತಾ ಬೈಗುಳಕ್ಕೆ ಕಾದಳು.

"ಆ ಮಗು?" ಎಂದಳು ಅಕ್ಕ.

"ಯಾವ ಮಗು?"

"ಅದೇ ಕಣೇ, ಟಾನ್ಸಿಲ್ ಮಗು. ನನ್ನ ಗಂಟಿನ ಚೂರು ಅದರ ಗಾಜಿಗೆ ಹತ್ತಿಲ್ಲ ತಾನೆ? ಅವರಮ್ಮನಿಗೆ ಏನಾದ್ರೂ ಹೇಳಿಬಿಟ್ಟಾರು."

"ಇಲ್ಲಕ್ಕ. ಅದರದ್ದು ಮೊದಲೇ ಎತ್ತಿಟ್ಟಾಗಿತ್ತು. ಮಗು ಚೆನ್ನಾಗಿದೆ."

"ನಿಜ ತಾನೆ?"

"ನಿಜ."

"ನಾಳೆ ಹೋಗಿ ಇನ್ನೊಂದ್ಸಲ ನೋಡು," ಎಂದು ಅಕ್ಕ ಮತ್ತೆ ಬಟಾಣಿಗೆ ಕೈ ಹಾಕಿದಳು. ಕಾಳುಗಳನ್ನು ಸಿಪ್ಪೆಯ ರಾಶಿಗೆ, ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಿದ್ದಳು. ತಂಗಿ ಪಕ್ಕದಲ್ಲಿ ಕೂತು, ಸಿಪ್ಪೆಯ ನಡುವಿನಿಂದ ಕಾಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು.