ಸಿಟ್ಟು ಬರಿಸದ ವೈನ್

ವೈನ್ ಅಂಗಡಿಗೆ ಬರುವವರೆಲ್ಲ ಅವಳನ್ನು ಬಾಟ್ಲಿ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಅಂಗಡಿಯ ಮಾಲೀಕ, ಮೊದಮೊದಲು ತಮಾಷೆಗೆ, ಆಮೇಲೆ ವ್ಯಾಪಾರಕ್ಕೆ. ಬೇರೆ ಅಂಗಡಿಗಳಲ್ಲಿ ಊಟಕ್ಕೆ ಏನು ಮಾಡಿದ್ದೀರಿ ಎಂದು ಕೇಳಿ ವೈನ್ ಕೊಡುತ್ತಾರೆ. ಇವಳು ಊಟಕ್ಕೆ ಯಾರು ಬರುತ್ತಾರೆ ಎಂದು ಕೇಳಿ ಕೊಡುತ್ತಿದ್ದಳು. ಬಾಯೇ ಬಿಡದ ಅಳಿಯ ಬರುತ್ತಾನೆಂದರೆ ಗುಳ್ಳೆಯೇಳುವ ಬಿಳಿ ವೈನ್. ಬಾಯಿ ಮುಚ್ಚದ ಅತ್ತೆ ಬರುತ್ತಾರೆಂದರೆ ಗಟ್ಟಿ ಕೆಂಪು, ಎರಡನೇ ಗ್ಲಾಸಿಗೆ ಆಕಳಿಕೆ ಗ್ಯಾರಂಟಿ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಮೇಜಿಗೆ ಕೂರುತ್ತಾರೆಂದರೆ ಗುಲಾಬಿ ಬಣ್ಣದ್ದು, ಚೆನ್ನಾಗಿ ತಣ್ಣಗೆ ಮಾಡಿ, ಅದೂ ಒಂದೇ ಬಾಟಲಿ. ಜನ ನಗುತ್ತಲೇ ಕೊಂಡು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಕ್ರಿಸ್‌ಮಸ್ ವಾರದಲ್ಲಂತೂ ಅವಳ ಮುಂದಿನ ಸಾಲು ಬಾಗಿಲು ದಾಟಿ ರಸ್ತೆಗೆ ಇಳಿಯುತ್ತಿತ್ತು.

ಈ ವಿದ್ಯೆ ನಿನಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದಳು, ಯಾಕೆಂದರೆ ಅದು ಅವಳಮ್ಮನ ವಿದ್ಯೆ. ಸಂಜೆ ಅಪ್ಪ ಮನೆಗೆ ಬಂದು ಚೀಲ ಗೋಡೆಗೊರಗಿಸಿ ಕೈಕಾಲು ತೊಳೆಯಲು ಹೋದನೆಂದರೆ ಅಮ್ಮ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತಿ, "ಪುಟ್ಟಿ, ಚೀಲದಲ್ಲಿ ಏನಿದೆ ನೋಡ್ಕೊಂಡು ಬಾ" ಎಂದು ಪಿಸುಗುಟ್ಟುತ್ತಿದ್ದಳು. ಆರೇಳು ವರ್ಷದ ಹುಡುಗಿಗೆ ಬಾಟಲಿಯ ಕುತ್ತಿಗೆ ಕಂಡರೆ ಸಾಕು, ರಾತ್ರಿ ಹೇಗಿರುತ್ತದೆ ಎಂಬುದು ಗೊತ್ತಾಗುತ್ತಿತ್ತು. ಬಿಯರ್ ಎಂದರೆ ಹಾಡು. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಣೆಯ ತುಂಬ ಕುಣಿಯುತ್ತಿದ್ದ. ರಮ್ ಎಂದರೆ ಅಳು, ಸತ್ತುಹೋದ ದೊಡ್ಡಪ್ಪನ ನೆನಪು. ಬ್ರಾಂದಿ ಎಂದರೆ ನಿದ್ದೆ. ವಿಸ್ಕಿ ಎಂದರೆ ಅಮ್ಮ ಗಾಜಿನ ಸಾಮಾನುಗಳನ್ನೆಲ್ಲ ಮೇಲಿನ ಕಪಾಟಿಗೆ ಏರಿಸಿ ಇವಳನ್ನು ಒಳಗಿನ ಕೋಣೆಗೆ ಕಳಿಸಿಬಿಡುತ್ತಿದ್ದಳು. ಚಿಲಕ, ಬೀಗ ಯಾವುದೂ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಅಪ್ಪನ ಕೆಲಸವೇ ಬೀಗ ರಿಪೇರಿ.

"ನಿಮ್ಮಪ್ಪ ಕೆಟ್ಟವರಲ್ಲ ಕಣೇ, ವಿಸ್ಕಿ ಅವರಿಗೆ ಆಗಲ್ಲ" ಎಂದು ಅಮ್ಮ ಮರುದಿನ ಬೆಳಿಗ್ಗೆ ಚೂರು ಗುಡಿಸುತ್ತ ಹೇಳುತ್ತಿದ್ದಳು. ಕೆಲವರಿಗೆ ಮೊಟ್ಟೆ ಒಗ್ಗುವುದಿಲ್ಲ ಎನ್ನುತ್ತಾರಲ್ಲ, ಅದೇ ಧಾಟಿಯಲ್ಲಿ. ಮಗಳು ಅದನ್ನು ನಂಬಿ ಬೆಳೆದಳು. ನಂಬಿದ್ದಷ್ಟೇ ಅಲ್ಲ, ಅದರಿಂದಲೇ ಹೊಟ್ಟೆ ಹೊರೆಯುತ್ತಿದ್ದಳು.

ಹನ್ನೊಂದು ವಾರದ ಹಿಂದೆ ಒಂದು ವಿಸ್ಕಿ ದಿನ ಅಮ್ಮನ ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಮೆಟ್ಟಿಲ ಮೇಲೆ ಜಾರಿದೆ ಎಂದಳಂತೆ. ಅಲ್ಲಿಂದ ಮನೆಗೆ ಹೋದವಳೇ ಒಂದು ಸೂಟ್‌ಕೇಸು, ಹೊಲಿಗೆ ಮೆಷಿನ್ನು ಹೊರಿಸಿಕೊಂಡು ಮಗಳ ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ ಬಂದಳು. ಪಟ್ಟಿ ಬಿಚ್ಚಿದ ಮೇಲೂ ಕತ್ತರಿ ಹಿಡಿದರೆ ಹೆಬ್ಬೆರಳು ಮಾತು ಕೇಳುತ್ತಿರಲಿಲ್ಲ. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಎಡಗೈಯಲ್ಲಿ ಕತ್ತರಿಸಲು ಹೋಗಿ ಯಾರದೋ ಪರದೆಯನ್ನು ಸೊಟ್ಟ ಮಾಡಿ, ಕೂತು ಅತ್ತಿದ್ದಳು.

ಅಪ್ಪ ವಾರವಾರವೂ ಫೋನು ಮಾಡಿದ. ಮೊದಲು ಅಮ್ಮ ಎತ್ತಲಿಲ್ಲ. ಆಮೇಲೆ ಎತ್ತಿ ಸುಮ್ಮನೆ ಕೇಳಿಸಿಕೊಂಡಳು. ಡಿಸೆಂಬರ್ ಹೊತ್ತಿಗೆ ಬಾಲ್ಕನಿಗೆ ಹೋಗಿ ಮಾತಾಡಲು ಶುರುಮಾಡಿದಳು. ಒಂದು ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಡುವಾಗ ವಿಷಯ ಹೊರಬಿತ್ತು.

"ಕ್ರಿಸ್‌ಮಸ್ ದಿನ ಮಧ್ಯಾಹ್ನ ನಿಮ್ಮಪ್ಪ ಊಟಕ್ಕೆ ಬರ್ತಾರೆ. ಎಲ್ಲ ಸರಿಹೋದ್ರೆ ಸಾಯಂಕಾಲ ಅವರ ಜೊತೆ ಹೊರಡ್ತೀನಿ."

"ಸರಿಹೋದ್ರೆ ಅಂದ್ರೆ?"

"ವಿಸ್ಕಿ ಬಿಟ್ಟಿದಾರಂತೆ. ಇನ್ಮೇಲೆ ಬರೀ ವೈನ್ ಅಂತೆ. ವೈನ್ ಕುಡಿದೂ ನೆಟ್ಟಗಿದ್ರೆ ನಂಬಬಹುದಲ್ವಾ?" ಅಮ್ಮ ಅವಳ ಮುಖ ನೋಡದೆ ಅಂಗಿಯ ಗುಂಡಿ ಹಾಕಲು ಹೆಣಗುತ್ತಿದ್ದಳು. "ನೀನೇ ಆರಿಸು ಪುಟ್ಟಿ. ಊರಿಗೆಲ್ಲ ಆರಿಸಿ ಕೊಡ್ತೀಯ. ಸಿಟ್ಟು ಬರಿಸದ ವೈನ್ ಯಾವುದು ಅಂತ ನಿನಗೆ ಗೊತ್ತಿರಲ್ವಾ?"

ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು. ಅದೇ ಅವಳ ಸಂಕಟ.

ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾದ ಹೊತ್ತು ನೋಡಿ ಅವಳು ಕಪಾಟುಗಳ ಮುಂದೆ ನಿಂತಳು. ಹಗುರವಾದ ಬಿಳಿ ವೈನ್ ಕೊಟ್ಟರೆ ಅಪ್ಪ ಬೆಣ್ಣೆಯಂತೆ ಮಾತಾಡುತ್ತಾನೆ, ಅಮ್ಮ ಸೂಟ್‌ಕೇಸು ಎತ್ತಿಕೊಂಡು ಹೊರಡುತ್ತಾಳೆ. ಹೊರಟ ಮೇಲೆ ಅಪ್ಪನಿಗೆ ಅವನ ಯಾವ ಗಿರಾಕಿ ಯಾವ ವಿಸ್ಕಿ ಉಡುಗೊರೆ ಕೊಡುತ್ತಾನೋ ಯಾರು ಬಲ್ಲರು. ತಲೆಗೇರುವಂಥದ್ದು ಕೊಟ್ಟರೆ ಅಪ್ಪ ಊಟದ ಮೇಜಿನಲ್ಲೇ ತನ್ನ ಅವತಾರ ತೋರಿಸುತ್ತಾನೆ, ಅಮ್ಮ ಉಳಿಯುತ್ತಾಳೆ. ಆದರೆ ಆ ಹೊತ್ತಿಗೆ ಇನ್ನೊಂದು ಕೈ ಮುರಿದಿದ್ದರೆ? ಬಾಟಲಿ ಆರಿಸುವುದೆಂದರೆ ಅಮ್ಮನ ಮುಂದಿನ ಬದುಕನ್ನೇ ಆರಿಸುವುದು ಎಂದು ಅವಳಿಗೆ ಹೊಳೆಯಿತು. ಒಂದು ಬಾಟಲಿ ತೆಗೆದಳು, ಇಟ್ಟಳು. ಇನ್ನೊಂದು ತೆಗೆದಳು, ಅದನ್ನೂ ಇಟ್ಟಳು.

"ಏನ್ ಡಾಕ್ಟ್ರೇ, ಸ್ವಂತ ಮನೆಗೆ ಔಷಧಿ ಗೊತ್ತಾಗ್ತಿಲ್ವಾ?" ಎಂದು ಮಾಲೀಕ ರೇಗಿಸಿದ. ಅವಳಿಗೆ ನಗು ಬರಲಿಲ್ಲ.

ಕೆಳಗಿನ ಸಾಲಿನ ಮೂಲೆಯಲ್ಲಿ, ಯಾರೂ ಕೇಳದ ಕಾರಣ ಧೂಳು ಹಿಡಿದ ನಾಲ್ಕು ಬಾಟಲಿಗಳಿದ್ದವು. ಕೆಂಪು ವೈನೇ, ಆಲ್ಕೋಹಾಲ್ ಮಾತ್ರ ಪೂರ್ತಿ ತೆಗೆದದ್ದು. ಅವಳು ಮಂಡಿಯೂರಿ ಕೂತು ಅದನ್ನೇ ನೋಡಿದಳು. ಇದನ್ನು ಕೊಟ್ಟರೆ ಏನೂ ಆಗುವುದಿಲ್ಲ. ಒಂದು ಮಧ್ಯಾಹ್ನವಾದರೂ ಅಪ್ಪ ಒಬ್ಬನೇ ಊಟಕ್ಕೆ ಬರಲಿ, ಜೊತೆಗೆ ಯಾವ ಬಾಟಲಿಯೂ ಬೇಡ. ಅಮ್ಮ ಅವನನ್ನು ನೋಡಿ ತಾನೇ ತೀರ್ಮಾನ ಮಾಡಲಿ. ಹಾಗೆಂದುಕೊಂಡು ಎರಡು ಬಾಟಲಿ ಚೀಲಕ್ಕೆ ಹಾಕಿದಳು. ಇದು ಮೋಸವಲ್ಲವೇ ಎಂಬ ಪ್ರಶ್ನೆ ಮನೆಯವರೆಗೂ ಬೆನ್ನು ಬಿಡಲಿಲ್ಲ.

ಕ್ರಿಸ್‌ಮಸ್ ಬೆಳಿಗ್ಗೆ ಅಮ್ಮ ಐದಕ್ಕೇ ಎದ್ದು ತುದಿಗಾಲಲ್ಲಿ ನಿಂತಿದ್ದಳು. ಸೂಟ್‌ಕೇಸು ಆಗಲೇ ಬಾಗಿಲ ಬಳಿ ಕೂತಿತ್ತು. ಕೋಳಿ ಒಲೆಯಲ್ಲಿ ಬೇಯುತ್ತಿರುವಾಗ ಮಗಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ವೈನನ್ನು ಅಗಲ ಹೊಟ್ಟೆಯ ಗಾಜಿನ ಹೂಜಿಗೆ ಸುರಿದು, ಖಾಲಿ ಬಾಟಲಿಗಳನ್ನು ಸಿಂಕಿನ ಕೆಳಗೆ ಬಕೆಟ್ಟಿನ ಹಿಂದೆ ಬಚ್ಚಿಟ್ಟಳು. ಯಾಕೆ ಹೂಜಿಗೆ ಎಂದು ಅಮ್ಮ ಕೇಳಿದರೆ, ಕೆಂಪು ವೈನಿಗೆ ಗಾಳಿಯಾಡಬೇಕು ಎಂದಳು. ಅಮ್ಮ ತಲೆಯಾಡಿಸಿ, "ಕೆಂಪಾ?" ಎಂದಳು. ಮುಖ ಸ್ವಲ್ಪ ಸಪ್ಪಗಾಯಿತು.

ಅಪ್ಪ ಒಂದು ಗಂಟೆಗೆ ಸರಿಯಾಗಿ ಬಂದ. ಕೋಟಿನ ಒಳಗೆ ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ತಬ್ಬಿಕೊಂಡಾಗ ಅವಳ ಮೂಗು ತನ್ನ ಕೆಲಸ ಮಾಡಿತು. ಅನ್ನ ಕೊಡುವ ಮೂಗು ಅದು, ಸುಳ್ಳು ಹೇಳುವುದಿಲ್ಲ. ಸೋಪು, ಬೀಗಕ್ಕೆ ಬಿಡುವ ಎಣ್ಣೆ, ಅಷ್ಟೇ. ಅಪ್ಪ ಎಲ್ಲೂ ಕುಡಿದು ಬಂದಿರಲಿಲ್ಲ.

ಅವನು ಒಳಗೆ ಬರುವ ಮೊದಲು ಬಾಗಿಲ ಬೀಗ ತಟ್ಟಿ ನೋಡಿದ. "ಇದನ್ನ ಬೀಗ ಅಂತಾರಾ? ನನಗಾದ್ರೆ ಒಂದು ತಲೆಪಿನ್ನು ಸಾಕು" ಎಂದು ನಕ್ಕ. ಅಮ್ಮನೂ ನಕ್ಕಳು. ಮಗಳು ಬೀಗದ ಕಡೆ ನೋಡಿದಳು. ಅಮ್ಮನಿಗೆ ಅವನು ತಂದ ಉಡುಗೊರೆ ಹೊಸ ಕತ್ತರಿ, ದರ್ಜಿಗಳು ಬಳಸುವ ಭಾರದ್ದು. ಅಮ್ಮ ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ಚೆನ್ನಾಗಿದೆ ಎಂದು ಪಕ್ಕಕ್ಕಿಟ್ಟಳು.

ಮಗಳು ಮೊದಲ ಗ್ಲಾಸು ಸುರಿದಳು. ಇಷ್ಟು ವರ್ಷ ಕುಡಿದ ನಾಲಿಗೆಗೆ ಗೊತ್ತಾಗದೇ ಇರುತ್ತದೆಯೇ? ಅಪ್ಪ ಗ್ಲಾಸನ್ನು ಬೆಳಕಿಗೆ ಹಿಡಿದು, ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿ, "ಭಾರಿ ಮಾಲು ಕಣಮ್ಮ. ಎದೆಗೇ ಇಳೀತು" ಎಂದ. ಎರಡನೇ ಗ್ಲಾಸಿಗೆ ಅವನ ಕೆನ್ನೆ ಕೆಂಪೇರಿತು. ಯಾವುದೋ ಬ್ಯಾಂಕಿನವರ ತಿಜೋರಿ ತೆಗೆದುಕೊಟ್ಟ ಹಳೇ ಕಥೆಗೆ ಹೊಸ ಬಾಲ ಸೇರಿಸಿ ಹೇಳಿದ, ಮಧ್ಯೆ ಎರಡು ಸಾಲು ಹಾಡಿದ. ಅವಳಿಗೆ ತಲೆಬುಡ ತಿಳಿಯಲಿಲ್ಲ, ಇದು ತಲೆಗೇರುವುದಾದರೂ ಹೇಗೆ? ಉಪ್ಪು ತರುವ ನೆಪ ಹೂಡಿ ಅಡುಗೆಮನೆಗೆ ಹೋಗಿ, ಬಕೆಟ್ಟು ಸರಿಸಿ, ಬಾಟಲಿಯ ಮೇಲಿನ ಚೀಟಿ ಓದಿದಳು. ಸೊನ್ನೆ ಸೊನ್ನೆಯಾಗಿಯೇ ಇತ್ತು. ಹೊರಗೆ ಅಮ್ಮ ಮನಸಾರೆ ನಗುವುದು ಕೇಳಿಸಿತು. ಹನ್ನೊಂದು ವಾರದಲ್ಲಿ ಅಮ್ಮ ಹಾಗೆ ನಕ್ಕಿರಲಿಲ್ಲ. ಹೋಗಲಿ ಬಿಡು, ಹೊರಟರೆ ಹೊರಡಲಿ ಎಂದು ಮಗಳಿಗೇ ಅನ್ನಿಸಿಬಿಟ್ಟಿತು.

ಮೂರನೇ ಗ್ಲಾಸಿನ ಹೊತ್ತಿಗೆ ಅಪ್ಪ ಬಾಗಿಲ ಕಡೆ ನೋಡಿ, "ಒಂದೇ ಸೂಟ್‌ಕೇಸಾ? ಮೆಷಿನ್ನು?" ಎಂದ.

"ಮೆಷಿನ್ನು ಇಲ್ಲೇ ಇರಲಿ ಅಂತ," ಅಮ್ಮ ಮೆಲ್ಲಗೆ ಹೇಳಿದಳು. "ಇಲ್ಲಿನವರ ನಾಲ್ಕು ಬಟ್ಟೆ ಒಪ್ಪಿಕೊಂಡಿದೀನಿ. ಜನವರೀಲಿ ಬಂದು ಮುಗಿಸಿಕೊಟ್ಟು..."

ಅಪ್ಪ ಮಾತಾಡಲಿಲ್ಲ. ಮುಳ್ಳುಚಮಚವನ್ನು ಚಾಕುವಿನ ಪಕ್ಕ ನೆಟ್ಟಗೆ ಜೋಡಿಸಿದ. ಕಣ್ಣುರೆಪ್ಪೆ ಅರ್ಧಕ್ಕೆ ಇಳಿಯಿತು. ಈ ಮೌನ ಮಗಳಿಗೆ ಗೊತ್ತು, ಒಳಗಿನ ಕೋಣೆಯ ಕತ್ತಲಲ್ಲಿ ಕೂತು ಎಷ್ಟೋ ಸಲ ಕೇಳಿಸಿಕೊಂಡದ್ದು. ಆದರೆ ಅದು ವಿಸ್ಕಿಯ ಮೌನವಾಗಿತ್ತು.

"ಮೆ-ಮೆಷಿನ್ನು ಬಿಟ್ಟು ಬರ್ತೀಯಾ." ಅವನ ನಾಲಿಗೆ ತೊದಲಿತು. "ಅಂದ್ರೆ ಮತ್ತೆ ಓಡಿ ಬರೋ ಪ್ಲಾನು. ತಾಯಿ ಮಗಳು ಸೇರ್ಕೊಂಡು ನನ್ನ ಮಂಗ ಮಾಡ್ತಿದೀರಾ?"

"ಹಾಗಲ್ಲ ರೀ..."

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ತಟ್ಟೆ ಗೋಡೆಗೆ ಬಡಿದು ಚೂರಾಯಿತು. ಅವನ ಕೈ ಮೇಜಿನ ಮೇಲಿಂದ ಚಾಚಿ ಅಮ್ಮನ ಬಲಗೈ ಮಣಿಕಟ್ಟನ್ನು, ಅದನ್ನೇ, ಹಿಡಿದು ತಿರುಚಿತು. ಅಮ್ಮ ಕೂಗಲಿಲ್ಲ. ತುಟಿ ಕಚ್ಚಿಕೊಂಡಳು, ಅಷ್ಟೇ.

"ಅಪ್ಪ, ಕೈ ಬಿಡು!"

"ನೀನು ಮಧ್ಯೆ ಬರಬೇಡ. ಕು-ಕುಡ್ದಿದೀನಿ ನಾನು. ಕುಡ್ದಾಗ ನನ್ನ ಕೆಣಕಬೇಡಿ ಅಂತ ಎಷ್ಟು ಸಲ ಹೇಳಿದೀನಿ!"

ಅಮ್ಮ ಅವನನ್ನು ನೋಡಲಿಲ್ಲ, ಮಗಳನ್ನು ನೋಡಿದಳು. ಕಣ್ಣಲ್ಲಿ ನೀರು, ಆದರೂ ದೂರು ಅವಳ ಮೇಲೇ. "ಕೆಂಪು ತರಬಾರದಿತ್ತು ಪುಟ್ಟಿ. ಬಿಳಿದು ತಂದಿದ್ರೆ ಹೀಗಾಗ್ತಿರಲಿಲ್ಲ. ಅವರದ್ದೇನೂ ಇಲ್ಲ ಇದರಲ್ಲಿ, ಒಳಗೆ ಹೋಗಿರೋದು ಆಡಿಸ್ತಿದೆ."

ಮಗಳು ಎದ್ದು ಅಡುಗೆಮನೆಗೆ ನಡೆದಳು. ಬಕೆಟ್ಟು ಒದ್ದು ಸರಿಸಿ, ಬಾಟಲಿ ತಂದು ಅಮ್ಮನ ತಟ್ಟೆಯ ಪಕ್ಕ ಕುಕ್ಕಿದಳು. "ಅಪ್ಪ ಕುಡಿದಿರೋದು ಇದು. ಓದಮ್ಮ."

ಅಮ್ಮ ಎಡಗೈಯಲ್ಲಿ ಕೊರಳಿನ ಕನ್ನಡಕ ಎತ್ತಿ ಮೂಗಿಗೇರಿಸಿದಳು. ಚೀಟಿಯ ಸಣ್ಣ ಅಕ್ಷರಗಳನ್ನು ಬಟ್ಟೆಯ ಅಳತೆ ನೋಡುವ ಹಾಗೆ ಒಂದೊಂದಾಗಿ ಓದಿದಳು. ಕೊನೆಗೆ, "ಆಲ್ಕೋಹಾಲ್ ಸೊನ್ನೆ" ಎಂದು ಗಟ್ಟಿಯಾಗಿ ಹೇಳಿ, ಅರ್ಥವಾಗದವಳಂತೆ ಮಗಳತ್ತ ತಿರುಗಿದಳು.

"ಒಂದು ಹನಿಯೂ ಇಲ್ಲಮ್ಮ. ಎರಡು ಬಾಟಲಿಯಲ್ಲೂ ಇಲ್ಲ. ಬರೀ ದ್ರಾಕ್ಷಿ ನೀರು."

"ಏನಿದು ಆಟ? ನನ್ನ ಕರೆಸಿ ಪರೀಕ್ಷೆ ಮಾಡ್ತಿದೀರಾ?" ಅಪ್ಪ ಎದ್ದು ನಿಂತಿದ್ದ. ಮಾತು ಒಂದೊಂದೂ ತೊಳೆದಿಟ್ಟಷ್ಟು ಸ್ಪಷ್ಟವಾಗಿತ್ತು. ತೊದಲು ಎಲ್ಲೋ ಹೋಗಿತ್ತು. ಅದನ್ನು ಮೂವರೂ ಕೇಳಿಸಿಕೊಂಡರು. ಅವನೂ ಕೇಳಿಸಿಕೊಂಡ, ಯಾಕೆಂದರೆ ಅಲ್ಲಿಗೇ ಬಾಯಿ ಮುಚ್ಚಿದ.

ಅಮ್ಮನ ಮಣಿಕಟ್ಟು ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಅವಳು ಅದನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು, ಈ ಸಲ ಪೂರ್ತಿ, ಕಣ್ಣಲ್ಲಿ ಕಣ್ಣಿಟ್ಟು.

"ಹಾಗಾದ್ರೆ ಅವತ್ತು ನನ್ನ ಕೈ ಮುರೀವಾಗ," ಎಂದು ಕೇಳಿದಳು, "ನಿಮಗೆ ಗೊತ್ತಿತ್ತಾ?"

ಅಪ್ಪ ಕೈ ಬಿಟ್ಟ. ಕೋಟು ಹುಡುಕಿದ, ತೋಳು ತೂರಿಸಲು ಎರಡು ಸಲ ತಪ್ಪಿದ, ಸೂಟ್‌ಕೇಸಿನ ಪಕ್ಕದಿಂದ ಹಾದು ಹೊರಗೆ ಹೋದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಸ್ವಲ್ಪವೂ ತಡವರಿಸದೆ ಕೆಳಗಿಳಿಯಿತು. ಮಗಳು ಬಾಗಿಲು ಹಾಕಿ, ಒಂದು ತಲೆಪಿನ್ನಿಗೆ ತೆರೆಯುವ ಬೀಗ ತಿರುವಿ, ಅದಕ್ಕೆ ಕುರ್ಚಿಯನ್ನೂ ಒತ್ತಿಟ್ಟಳು. ನಾಳೆಯೇ ಹೊಸ ಬೀಗ ಹಾಕಿಸಬೇಕು, ಅದೂ ಅವನ ಪರಿಚಯವಿಲ್ಲದವರಿಂದ.

ಅವಳು ತಿರುಗಿದಾಗ ಅಮ್ಮ ಅಪ್ಪನ ಗ್ಲಾಸಿನಲ್ಲಿ ಉಳಿದದ್ದನ್ನು ಒಂದು ಗುಟುಕು ಕುಡಿದು ನೋಡುತ್ತಿದ್ದಳು. ಬದುಕಿನಲ್ಲಿ ಅದು ಅವಳ ಮೊದಲ ವೈನು. ಮುಖ ಕಿವಿಚಲಿಲ್ಲ, ಏನೂ ಇಲ್ಲ. ಗ್ಲಾಸು ಕೆಳಗಿಟ್ಟು ಅದನ್ನೇ ನೋಡುತ್ತ ಕೂತಳು. ನಲವತ್ತು ವರ್ಷದ ಬಾಟಲಿಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಿದ್ದಾಳೆ ಎಂದು ಮಗಳಿಗೆ ಗೊತ್ತಾಯಿತು.

"ಪುಟ್ಟಿ, ಬಿಯರ್ ದಿನ ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಹಾಡ್ತಿದ್ರಲ್ಲ," ಎಂದಳು. "ಅದೂ ಅವರೇನಾ?"

"ಹೂಂ ಅಮ್ಮ. ಅದೂ ಅಪ್ಪನೇ."

"ಅದೇ ಕಣೇ ಕಷ್ಟ," ಎಂದು ಅಮ್ಮ ಅತ್ತಳು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, ಚೂರು ಗುಡಿಸಲು ಪೊರಕೆ ತೆಗೆದುಕೊಂಡಳು. ಎರಡು ಸಲ ಆಡಿಸಿ ನಿಲ್ಲಿಸಿದಳು. ಪೊರಕೆ ಗೋಡೆಗೊರಗಿಸಿ, ಬಾಗಿಲ ಬಳಿಯಿದ್ದ ಸೂಟ್‌ಕೇಸನ್ನು ಎಡಗೈಯಲ್ಲಿ ಎಳೆದುಕೊಂಡು ಒಳಗಿನ ಕೋಣೆಗೆ ಹೋದಳು.